ಹುಣಸೆಹುಳಿಯಲ್ಲಿ ತೊಳೆದ ಸ್ಯಾಕ್ಸೊಫೋನು

ನಿಮ್ಮ ಅಜ್ಜನ ಎದೆಯಲ್ಲಿ ಉಸಿರಿಗೆ ಕೊರತೆ ಇರಲಿಲ್ಲ. ಕೊನೆಯವರೆಗೂ ಇರಲಿಲ್ಲ. ತಮ್ಮ ದಮ್ಮು ತೀರಿತು ಎಂದು ಅವರು ನಂಬಿದರು, ಊರು ನಂಬಿತು, ನಿಮ್ಮ ಅವ್ವ ನಂಬಿದಳು, ಈಗ ನೀವೂ ನಂಬಿದ್ದೀರಿ — ಅದಕ್ಕೆಲ್ಲ ಕಾರಣ ನಾನು ಆಡಿದ ಒಂದು ಸುಳ್ಳು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಮೂರು ವರ್ಷ ಇದ್ದವು. ತೆಗೆದುಕೊಳ್ಳಲಿಲ್ಲ.

ಗೌರಿ, ಮಂಜು — ಇದನ್ನು ನಿಮ್ಮಿಬ್ಬರಿಗೆ ಬರೆಯುತ್ತಿದ್ದೇನೆ. ಮುಶಿಗೇರಿಯ ಸಾಲಿಯಲ್ಲಿ ಏಳನೆಯ ತರಗತಿ ಮುಗಿಸಿದವಳು ನಾನು. ನಾಲ್ಕು ಮಂದಿಯ ಮುಂದೆ ಬಾಯಿ ತೆರೆಯಲು ಇವತ್ತಿಗೂ ನಾಚಿಕೆ. ಕಾಗದದ ಮೇಲಾದರೆ ಎದುರಿಗೆ ಯಾರ ಮುಖವೂ ಇರುವುದಿಲ್ಲ. ಹೇಳಲೇಬೇಕಾಗಿದೆ, ಏಕೆಂದರೆ ನಿಮ್ಮ ಅವ್ವ ಸುಮಿತ್ರಾ ಮಂಜುವನ್ನು ಸಾಲಿಯ ಓಟದಿಂದ ಬಿಡಿಸಿದಳು. ಗೌರಿ ಅಜ್ಜನ ಸ್ಯಾಕ್ಸೊಫೋನು ತನಗೆ ಬೇಕೆಂದು ಕೇಳಿದಾಗ "ನಮ್ಮ ಮನಿತನದಾಗ ದಮ್ಮಿಲ್ಲವ, ನಿಮ್ಮಜ್ಜ ಅದರಲೇನ ಹೋದ್ರು, ಮುಟ್ಟಬ್ಯಾಡ" ಎಂದು ಗದರಿದಳು. ನಾನು ಅಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದೆ. ಸುಲಿಯುತ್ತಲೇ ಇದ್ದೆ.

ಕಳೆದ ದೀಪಾವಳಿಗೆ ಗೌರಿ ಗದಗಿನ ಕಾಲೇಜಿನಿಂದ ಒಂದು ಸಿಡಿ ತಂದಿದ್ದಳು. "ಆಯಿ, ಇದಕ್ಕ ಜಾಝ್ ಅಂತಾರ. ನಿನಗ ತಿಳಿಯೂದಿಲ್ಲ ಬಿಡು" ಎಂದಳು. ರೊಟ್ಟಿ ಬಡಿಯುತ್ತಿದ್ದ ನಾನು ಅಲ್ಲಿಂದಲೇ, ಈಗ ಬಂದದ್ದು ಕ್ಲಾರಿನೆಟ್ಟು, ಅದರ ಹಿಂದೆ ಇರುವುದು ಟ್ರೊಂಬೋನು ಎಂದೆ. ಇಬ್ಬರೂ ಬಾಯಿ ತೆರೆದು ನೋಡಿದಿರಿ.

"ಎಲಾ ಇಕಿನ! ಆಯಿ, ನೀ ಅಮೇರಿಕಾದಾಗ ಹುಟ್ಟೀಯೇನ?" ಎಂದ ಮಂಜು.

ಗೌರಿ ಹತ್ತಿರ ಬಂದು ಕೂತಳು. "ಖರೇ ಹೇಳು, ಇದರಾಗ ನಿನಗ ಯಾವ ವಾದ್ಯ ಭಾಳ ಸೇರತೈತಿ?"

"ಎಲ್ಲಾ ಚಲೋನ ಅದಾವ" ಎಂದು ಹಂಚಿನ ಕಡೆ ತಿರುಗಿದೆ. ಅದು ಉತ್ತರವಲ್ಲ. ಉತ್ತರ ಹೇಳಲು ಹೊರಟರೆ ಇದೆಲ್ಲವನ್ನೂ ಹೇಳಬೇಕಾಗುತ್ತಿತ್ತು —

ನಿಮ್ಮ ಅಜ್ಜ ಮದುವೆಗೆ ಮೊದಲು ಹುಬ್ಬಳ್ಳಿಯ ಒಂದು ಕ್ಲಬ್ಬಿನಲ್ಲಿ ಕೆಲಸಕ್ಕಿದ್ದರು. ಅಲ್ಲಿ ಶನಿವಾರಕ್ಕೊಮ್ಮೆ ಊದುತ್ತಿದ್ದ ಗೋವಾದ ಮುದುಕರೊಬ್ಬರು ಇವರಿಗೆ ಸ್ಯಾಕ್ಸೊಫೋನು ಕಲಿಸಿದರು. ತಮ್ಮ ಊರಿಗೆ ಹೋಗುವಾಗ ತಮ್ಮ ವಾದ್ಯವನ್ನೂ ಇವರ ಕೈಗೆ ಕೊಟ್ಟು ಹೋದರು. ಎಷ್ಟೋ ವರ್ಷದ ಮೇಲೆ ಯಾರದೋ ಕೈಯಲ್ಲಿ ಜಾಝಿನ ಒಂದು ಕ್ಯಾಸೆಟ್ ಕಳಿಸಿದ್ದರು. ನಿಮ್ಮ ಅಜ್ಜ ನಮ್ಮೂರು ಬೆಳವಣಕಿಗೆ ಬಂದು ಹೊಲ ಮಾಡಿದರು, ಮದುವೆ ಕಾಲದಲ್ಲಿ ಗಜೇಂದ್ರಗಡದ ಇಮಾಮಸಾಬರ ಬ್ಯಾಂಡಿನಲ್ಲಿ ಊದಿದರು. ಬ್ಯಾಂಡಿನಲ್ಲಿ ಊದುತ್ತಿದ್ದದ್ದು ಸಿನೆಮಾ ಹಾಡು. ಜಾಝು ಮನೆಯಲ್ಲಿ, ನನ್ನೊಬ್ಬಳಿಗೆ. ಮಧ್ಯಾಹ್ನ ಉಂಡು, ಆ ಕ್ಯಾಸೆಟ್ ಹಚ್ಚಿ, ಗೋಡೆಗೆ ಒರಗಿ ಹೇಳುತ್ತಿದ್ದರು — "ಕೇಳ ಶಾಂತಾ, ಈಗ ಒಬ್ಬಾಂವ ಮಾತಾಡ್ತಾನ. ಉಳಿದವ್ರು ಹೂಂ ಅಂತಾರ. ಆಮ್ಯಾಲೆ ಅಂವ ಸುಮ್ನಾಗಿ ಇನ್ನೊಬ್ಬಗ ಜಾಗಾ ಕೊಡ್ತಾನ. ನಮ್ಮೂರ ಪಂಚಾಯ್ತಿಗಿಂತ ಇವ್ರೇ ಪಾಡು."

ಮದುವೆಯಾಗಿ ಹತ್ತು ವರ್ಷ ನಾನು ಅವರ ಎದುರು ಸರಿಯಾಗಿ ಮಾತಾಡಿರಲಿಲ್ಲ. ಆ ಕ್ಯಾಸೆಟ್ಟೇ ನನ್ನನ್ನು ಮಾತಾಡಿಸಿದ್ದು. ಇದು ಹ್ಯಾಂಗ ಕೇಳತೈತಿ, ಅದು ಹ್ಯಾಂಗ ಕೇಳತೈತಿ ಎಂದು ಕೇಳುತ್ತಿದ್ದರು. ನನಗೆ ತಿಳಿದದ್ದು ಅಡುಗೆಮನೆ, ಹೊಲ. ಅಲ್ಲಿಂದಲೇ ಹೇಳುತ್ತಿದ್ದೆ.

ಟ್ರಂಪೆಟ್ಟು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗುವ ಬೀಗರ ಹಾಗೆ — ಮನೆಯಲ್ಲಿ ಯಾರಿದ್ದರೂ ಎದ್ದು ಬರಲೇಬೇಕು. ಆದರೆ ಅದರ ಬಾಯಿಗೆ ಒಂದು ಮುಚ್ಚಳ ಹಿಡಿದು ಊದುತ್ತಾರಂತೆ. ಆಗ ಅದೇ ಟ್ರಂಪೆಟ್ಟು ಸೆರಗಿನ ಹಿಂದಿನಿಂದ ಮಾತಾಡುವ ಹೆಂಗಸಾಗುತ್ತಿತ್ತು. ಅದು ನನಗೆ ತಿಳಿಯುತ್ತಿತ್ತು. ಕ್ಲಾರಿನೆಟ್ಟು ನಮ್ಮ ಸನಾದಿಯ ಓದಿದ ತಂಗಿ, ಮಾಳಿಗೆಯ ಮೆಟ್ಟಿಲನ್ನು ಒಂದೇ ಓಟಕ್ಕೆ ಹತ್ತಿ ಒಂದೇ ಓಟಕ್ಕೆ ಇಳಿಯುವವಳು. ಟ್ರೊಂಬೋನು ಬಂದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಉಂಡು ಮಲಗಿದ ಎಮ್ಮೆ ಮೈಮುರಿದು ಏಳುವಾಗಿನ ಹಾಗೆ. ಡ್ರಮ್ಮಿಗೆ ಒಬ್ಬ ಕೋಲು ಬಿಟ್ಟು ತಂತಿಯ ಕುಂಚ ಹಿಡಿದು ಸವರುತ್ತಿದ್ದ, ಮೊರದಲ್ಲಿ ಜೋಳ ಹಸನು ಮಾಡುವಾಗ ಆಗುವ ಸದ್ದು ಅದೇ. ಅದನ್ನು ಹೇಳಿದಾಗ ನಿಮ್ಮ ಅಜ್ಜ ಎದ್ದು ಹೋಗಿ ಮೊರ ತಂದು ನನ್ನ ಕೈಗೆ ಕೊಟ್ಟು, "ತಾಳ ಹಿಡಿ ನೋಡೂಣು" ಎಂದರು. ಹಿಡಿದೆ. ಅವರು ಊದಿದರು. ಇಂಥದನ್ನೆಲ್ಲ ಮಕ್ಕಳಿಗೆ ಹೇಳಲು ಈಗಲೂ ಮುಖ ಬಿಸಿಯಾಗುತ್ತದೆ.

ಒಂದು ದೊಡ್ಡ ಪಿಟೀಲು ಇರುತ್ತದಂತೆ, ಆಳೆತ್ತರ, ನಿಂತು ಬೆರಳಿನಿಂದ ಮೀಟುವಂಥದು. ಅದು ಎಲ್ಲರ ಹಿಂದೆ ನಡೆಯುತ್ತಾ ಇರುತ್ತದೆ. ಇದೆ ಎಂದು ಗೊತ್ತೇ ಆಗುವುದಿಲ್ಲ, ನಿಂತಾಗ ಮಾತ್ರ ಗೊತ್ತಾಗುತ್ತದೆ. ಆಗೆಲ್ಲ ನನಗೆ ಹೆಚ್ಚು ಸೇರುತ್ತಿದ್ದದ್ದು ಅದು. ಅವರಿಗೆ ಸ್ಯಾಕ್ಸೊಫೋನು. "ಯಾಕಂದ್ರ ಇದರಾಗ ಉಸಿರ ಕೇಳತೈತಿ" ಎನ್ನುತ್ತಿದ್ದರು. "ಉಳಿದ ವಾದ್ಯ ಉಸಿರನ್ನ ಸ್ವರಾ ಮಾಡಿ ಮುಚ್ಚಿಬಿಡ್ತಾವ. ಇದು ಮುಚ್ಚೂದಿಲ್ಲ. ಊದಾಂವ ಸುಖದಾಗ ಅದಾನೋ ದುಃಖದಾಗ ಅದಾನೋ, ಎದಿ ಗಟ್ಟಿ ಐತೋ ಸೋತೈತೋ, ಎಲ್ಲಾ ಹೇಳಿಬಿಡತೈತಿ."

ಅವರ ಈ ಮಾತೇ ಮುಂದೆ —

ಹೇಳುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಮದುವೆಗಳಿಗೆ ಟ್ರ್ಯಾಕ್ಟರ್ ಮೇಲೆ ದೊಡ್ಡ ದೊಡ್ಡ ಸ್ಪೀಕರ್ ಬರಲು ಶುರುವಾಗಿತ್ತು. ಬ್ಯಾಂಡಿಗೆ ಕರೆ ಕಡಿಮೆ. ಆ ಬೇಸಿಗೆ ನರಗುಂದದಿಂದ ಒಂದು ದೊಡ್ಡ ಮದುವೆ ಬಂತು. ಇಮಾಮಸಾಬರು ಅದನ್ನು ಹೇಳಲು ನಮ್ಮ ಮನೆಗೆ ಬಂದಿದ್ದರು. ಚಹಾ ಕುಡಿಯುತ್ತಾ ಗೂಟಕ್ಕೆ ತೂಗಿದ್ದ ಸ್ಯಾಕ್ಸೊಫೋನು ನೋಡಿ, "ಬಸಣ್ಣ, ನಿನ್ನ ಬಾಜಾ ನೋಡಿದ್ರ ಒಲಿಯಾಗಿಂದ ತಗದಂಗ ಐತೆಲ್ಲೋ. ನರಗುಂದದ ಮಂದಿ ಕಿವಿಗಿಂತ ಮೊದಲ ಕಣ್ಣಿಲೆ ಕೇಳ್ತಾರ" ಎಂದು ನಕ್ಕರು. ನಿಮ್ಮ ಅಜ್ಜನೂ ನಕ್ಕರು. ಒಳಗಿದ್ದ ನನಗೆ ಮಾತ್ರ ಅದು ಚುಚ್ಚಿತು. ನನ್ನ ಮನೆಯ ಹಿತ್ತಾಳೆ ಕಪ್ಪಾಗಿದೆ ಎಂದು ಹೊರಗಿನವರೊಬ್ಬರು ಹೇಳಿ ಹೋದರಲ್ಲ ಎಂದು.

ಮದುವೆಗೆ ಎರಡು ದಿನ ಮೊದಲು ಅವರು ಹತ್ತಿ ತೆಗೆದುಕೊಂಡು ರೋಣದ ಪೇಟೆಗೆ ಹೋದರು. ನಾನು ಸ್ಯಾಕ್ಸೊಫೋನನ್ನು ಗೂಟದಿಂದ ಇಳಿಸಿದೆ. ಹಬ್ಬದ ಮುಂದೆ ಕೊಡ, ಚರಿಗೆ, ದೀಪದ ಸಮೆಗಳನ್ನು ಹೇಗೆ ಬೆಳಗುತ್ತೇವೋ ಹಾಗೆಯೇ — ಹುಣಸೆಹಣ್ಣು ನೆನೆಹಾಕಿ, ಬೂದಿ ಬೆರೆಸಿ, ತೆಂಗಿನ ನಾರಿನಿಂದ ತಿಕ್ಕಿದೆ. ಸಂದಿಗೊಂದಿಗೆಲ್ಲ ಹುಳಿ ಹಿಂಡಿದೆ. ಆಮೇಲೆ ಎರಡು ಕೊಡ ನೀರು ಹೊಯ್ದು ತೊಳೆದು, ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟೆ.

ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಅವರು ಒಮ್ಮೆ ತೋರಿಸಿದ್ದರು. ಅದರ ಮೈಮೇಲೆ ಇಪ್ಪತ್ತಕ್ಕೂ ಹೆಚ್ಚು ಮುಚ್ಚಳ, ಪ್ರತಿ ಮುಚ್ಚಳದ ಕೆಳಗೆ ತೊಗಲಿನ ಒಂದೊಂದು ಪುಟ್ಟ ಗಾದಿ. ಬೆರಳು ಒತ್ತಿದಾಗ ಆ ತೊಗಲು ತೂತನ್ನು ಮುಚ್ಚಬೇಕು. ಕೂದಲೆಳೆಯಷ್ಟು ಸಂದಿ ಉಳಿದರೂ ಗಾಳಿ ಸೋರುತ್ತದೆ. "ಇದರ ಮೈಗೆ ನೀರ ಬೀಳಬಾರದು ನೋಡ" ಎಂದಿದ್ದರು. ನಾನು ಹೂಂ ಎಂದಿದ್ದೆ. ಅಂದು ಹುಣಸೆಹುಳಿ ಹಿಡಿದು ಕೂತಾಗ ಅದು ನೆನಪಾಯಿತು. ದಿನವೂ ಅದರೊಳಗೆ ಇಷ್ಟೊಂದು ಉಗುಳು ಇಳಿಯುತ್ತದೆ, ಎರಡು ಕೊಡ ನೀರಿನಿಂದ ಏನಾದೀತು ಎಂದುಕೊಂಡೆ. ಗಂಡಸರು ತಮ್ಮ ಸಾಮಾನಿನ ಬಗ್ಗೆ ಹಾಗೆ ಏನೋ ಹೇಳುತ್ತಾರೆ ಎಂದುಕೊಂಡೆ.

ಸಂಜೆ ಅವರು ಬಂದರು. ಗೂಟದ ಮೇಲೆ ಅದು ಬಂಗಾರದ ಹಾಗೆ ಹೊಳೆಯುತ್ತಿತ್ತು. ಚಪ್ಪಲಿ ಬಿಡುವುದನ್ನೂ ಮರೆತು ನೋಡಿದರು. ಮುಖದಲ್ಲಿ ಎಂಥ ಸಂತೋಷ! ಆಮೇಲೆ ಒಮ್ಮೆಲೇ ತಿರುಗಿ ಕೇಳಿದರು —

"ನೀರ ಹಾಕಿಲ್ಲಲ್ಲ?"

"ಇಲ್ರಿ" ಎಂದೆ. "ಬರೇ ಒಣಾ ಅರಿವಿಲೆ ಒರಿಸೇನ್ರಿ."

ಇಷ್ಟೇ. ಬೈಗುಳಕ್ಕೆ ಹೆದರಿ ಆಡಿದೆನೇ — ಅವರು ಬೈಯುವವರಲ್ಲ. ಆ ಸಂತೋಷ ಅವರ ಮುಖದಿಂದ ಇಳಿಯುವುದನ್ನು ನೋಡಲಾರದೆ ಆಡಿದೆ. ಆಡಿದಾಗ ಅದು ಸುಳ್ಳು ಎಂದೂ ಅನ್ನಿಸಲಿಲ್ಲ, ಉಪ್ಪು ಸ್ವಲ್ಪ ಹೆಚ್ಚಾದ ಸಾರಿಗೆ ನೀರು ಬೆರೆಸಿದಷ್ಟು ಸಲೀಸು.

ಆ ಸಂಜೆ, ಮರುದಿನ, ಎರಡು ದಿನವೂ ಅವರು ಊದಿ ನೋಡಲಿಲ್ಲ. ಹೊಲದಲ್ಲಿ ಕೆಲಸವಿತ್ತು. ವಾದ್ಯದ ಮೇಲೆ ಭರವಸೆ ಇತ್ತು. ನನ್ನ ಮಾತಿನ ಮೇಲೂ.

ನರಗುಂದದ ಮದುವೆಗೆ ನಾನು ಹೋಗಿರಲಿಲ್ಲ. ನಡೆದದ್ದನ್ನು ಇಮಾಮಸಾಬರ ಬಾಯಿಂದ ಕೇಳಿದೆ. ಮೇಲಿನ ಸ್ವರಗಳು ಹೇಗೋ ಬಂದವು. ಕೆಳಗೆ ಇಳಿದ ಕೂಡಲೇ ಬರೀ ಗಾಳಿ. ಕುತ್ತಿಗೆಯ ನರ ಉಬ್ಬಿ, ಕಣ್ಣು ಕೆಂಪಾಗಿ, ಇದ್ದಷ್ಟೂ ದಮ್ಮು ಹಾಕಿ ಊದಿದರು. ಕೋಳಿಯ ಕತ್ತು ಹಿಚುಕಿದಂಥ ಸದ್ದು ಬಂತು. ಬೀಗರ ಕಡೆಯ ಒಬ್ಬ, "ಅಜ್ಜಾ, ಬಾಜಾ ಊದಾಕ ಹತ್ತೀಯೋ, ಒಲಿ ಊದಾಕ ಹತ್ತೀಯೋ?" ಎಂದ. ಚಪ್ಪರವೆಲ್ಲ ನಕ್ಕಿತು. ಇಮಾಮಸಾಬರು ಆ ಸದ್ದನ್ನು ತಮ್ಮ ಕ್ಲಾರಿನೆಟ್ಟಿನಿಂದ ಮುಚ್ಚಿಕೊಂಡು ಹೋದರು. ಉಳಿದ ಮೆರವಣಿಗೆಯುದ್ದಕ್ಕೂ ನಿಮ್ಮ ಅಜ್ಜ ವಾದ್ಯವನ್ನು ತುಟಿಗಿಟ್ಟುಕೊಂಡು, ಊದದೆ, ಬರೀ ಬೆರಳಾಡಿಸುತ್ತಾ ನಡೆದರಂತೆ.

ಮನೆಗೆ ಬಂದು ಸ್ಯಾಕ್ಸೊಫೋನನ್ನು ಗೂಟಕ್ಕೆ ತೂಗಿಸಲಿಲ್ಲ. ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು.

"ದಮ್ಮ ತೀರೇತಿ ಶಾಂತಾ" ಎಂದರು. "ವಾದ್ಯಾ ಹೇಳಿಬಿಡ್ತು."

ನನಗೆ ಆಗಲೇ ತಿಳಿಯಿತು. ತೊಗಲು, ನೀರು, ಬಿಸಿಲು, ಎಲ್ಲ ಒಂದೇ ಕ್ಷಣದಲ್ಲಿ ಕಣ್ಣ ಮುಂದೆ ಬಂದವು. ಬಾಯಿ ತೆರೆದೆ. "ಕೈ ಕಾಲ ತೊಳಕೋರಿ, ಊಟಕ್ಕ ಬಡಸ್ತೇನಿ" ಎಂದೆ. ಅದೇ ಬಾಯಿ.

ಎಂಟು ದಿನದ ಮೇಲೆ ಇಮಾಮಸಾಬರು ಬಂದರು. "ಬಸಣ್ಣ, ಒಮ್ಮೆ ಬಾಜಾ ರಿಪೇರಿಯವಗ ತೋರಸೂಣು. ದಮ್ಮ ಹಿಂಗ ಒಮ್ಮೆಲೇ ಹೋಗೂದಿಲ್ಲೋ ಮಾರಾಯಾ" ಎಂದರು.

"ಬಾಜಾಕ್ಕ ಏನಾಗೇತಿ? ನೆಲಕ್ಕ ಬಿದ್ದಿಲ್ಲ, ನೀರ ಕಂಡಿಲ್ಲ. ಶಾಂತಾ ಬರೇ ಒಣಾ ಅರಿವಿಲೆ ಒರಿಸ್ಯಾಳ."

"ಖರೇನ?"

"ಆಕಿ ಸುಳ್ಳ ಹೇಳಾಕಿ ಅಲ್ಲ."

ನಾನು ಅಡುಗೆಮನೆಯ ಬಾಗಿಲ ಹಿಂದೆ ಇದ್ದೆ. ಕೈಯಲ್ಲಿ ಚಹಾದ ಎರಡು ಕಪ್ಪು ಬಸಿ. ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟು ಹೇಳಿದ್ದರೆ ಮುಗಿಯುತ್ತಿತ್ತು. ಅವರು ನಕ್ಕುಬಿಡುತ್ತಿದ್ದರು, ನನಗೆ ಖಾತ್ರಿ ಇದೆ. ಹುಣಸೆಹಣ್ಣು ಹಾಕಿದಿಯಾ, ಒಗ್ಗರಣೆ ಯಾಕೆ ಬಿಟ್ಟೆ ಎಂದು ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಆದರೆ ಇನ್ನೊಬ್ಬ ಗಂಡಸಿನ ಎದುರು ಅವರು ಆ ಮಾತು ಆಡಿಬಿಟ್ಟಿದ್ದರಲ್ಲ — ಸುಳ್ಳು ಹೇಳುವವಳಲ್ಲ ಎಂದು. ಆ ಮಾತಿನ ಕೆಳಗೆ ನಾನು ಸಿಕ್ಕಿಕೊಂಡೆ. ಚಹಾ ಆರಿತು.

ರೋಣದ ದವಾಖಾನೆಗೆ ಹೋದೆವು. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, "ಎದಿ ಚಲೋ ಐತಿ, ಏನೂ ಆಗಿಲ್ಲ" ಎಂದರು. ಹೊರಗೆ ಬಂದು ನಿಮ್ಮ ಅಜ್ಜ, "ಭಾಳ ಒಳ್ಳೇ ಮನಷಾ. ಧೈರ್ಯ ಹೇಳ್ತಾರ" ಎಂದರು. ನೋಡಿ, ಡಾಕ್ಟರು ಖರೇ ಹೇಳಿದರೆ ಅವರು ನಂಬಲಿಲ್ಲ. ನಾನು ಸುಳ್ಳು ಹೇಳಿದ್ದನ್ನು ನಂಬಿದರು.

ಅಲ್ಲಿಂದ ಅವರು ತಮ್ಮ ಉಸಿರನ್ನು ಉಳಿಸಲು ಶುರು ಮಾಡಿದರು. ಮಾಳಿಗೆ ಹತ್ತುವುದನ್ನು ಬಿಟ್ಟರು. ಹೊಲವನ್ನು ಪಾಲಿಗೆ ಕೊಟ್ಟರು. ಬಸ್ ನಿಲ್ದಾಣಕ್ಕೆ ಹೋಗುವಾಗ ನಡುವೆ ಎರಡು ಕಡೆ ಕೂರುತ್ತಿದ್ದರು — ದಣಿವಾಗಿ ಅಲ್ಲ, ದಣಿವು ಬಂದೀತು ಎಂದು. ಜೋರಾಗಿ ನಗುವುದು ನಿಂತಿತು. ಮಾತು ಕಡಿಮೆಯಾಯಿತು. ನನಗೆ ಅತಿ ಕಷ್ಟವಾದದ್ದು ಅದು. ಕ್ಯಾಸೆಟ್ ಹಚ್ಚಿದರೂ ಸುಮ್ಮನೆ ಕೂರುತ್ತಿದ್ದರು. ಯಾವ ವಾದ್ಯ ಬಂತು, ಯಾಕೆ ಚಂದ, ಏನೂ ಹೇಳುತ್ತಿರಲಿಲ್ಲ. ಮಾತಿಗೆ ಖರ್ಚಾಗುವ ಉಸಿರನ್ನೂ ಅವರು ಉಳಿಸುತ್ತಿದ್ದರು. ಗಟ್ಟಿಮುಟ್ಟಾದ ಮನುಷ್ಯ ನನ್ನ ಕಣ್ಣೆದುರು ದಿನಕ್ಕಷ್ಟು ಮುದುಕನಾದ.

ಇನ್ನೊಂದನ್ನೂ ಬರೆಯಬೇಕು, ಇಲ್ಲದಿದ್ದರೆ ಇದು ಪೂರ್ತಿಯಾಗುವುದಿಲ್ಲ. ಆ ಮೊದಲ ಬೇಸಿಗೆ ಅವರು ಎಲ್ಲೂ ಹೋಗದೆ ಮನೆಯಲ್ಲಿದ್ದರು. ಮದುವೆಯಾದಾಗಿನಿಂದ ಬೇಸಿಗೆಯಲ್ಲಿ ಅವರು ನನಗೆ ಸಿಕ್ಕವರಲ್ಲ. ಬೇವಿನ ನೆರಳಿನಲ್ಲಿ ಅವರಿಗೆ ಮಜ್ಜಿಗೆ ಕೊಡುವಾಗ ನನಗೆ ಒಳಗೊಳಗೇ ಹಿತವಾಯಿತು. ಆ ಹಿತಕ್ಕೂ ನಾನು ಬಾಯಿ ಮುಚ್ಚಿಕೊಂಡಿರಬಹುದು — ಗೊತ್ತಿಲ್ಲ. ಎಷ್ಟು ಕೆದಕಿದರೂ ತಿಳಿಯುವುದಿಲ್ಲ.

ಅವರು ತೀರಿಹೋದದ್ದು ಕಾಮಾಲೆಯಿಂದ. ಎದೆಯಿಂದಲ್ಲ. ಆದರೆ ಬಂದವರೆಲ್ಲ "ಪಾಪ, ದಮ್ಮಿನಲೇ ಹೋದಾ" ಎಂದರು. ನಾನು ತಲೆ ಅಲ್ಲಾಡಿಸಿದೆ. ಅವರು ತೀರುವ ನಾಲ್ಕು ದಿನ ಮೊದಲು, ಮುಂಜಾನೆ, ಕ್ಯಾಸೆಟ್ ಹಚ್ಚು ಎಂದು ಸನ್ನೆ ಮಾಡಿದರು. ಸ್ಯಾಕ್ಸೊಫೋನಿನವನ ಸರದಿ ಬಂತು. ಅವನು ಕೆಳಗಿನ ಸ್ವರಕ್ಕೆ ಇಳಿದು, ಅಲ್ಲೇ ನಿಂತು, ಉಸಿರು ಮುಗಿಯುವವರೆಗೆ ಅದನ್ನು ಹಿಡಿದ. ನಿಮ್ಮ ಅಜ್ಜ ನನ್ನ ಕೈ ಹಿಡಿದು, "ಅವನ ದಮ್ಮ ನೋಡ ಶಾಂತಾ" ಎಂದರು. ಹೊಟ್ಟೆಕಿಚ್ಚಿರಲಿಲ್ಲ ಆ ಮಾತಿನಲ್ಲಿ. ಬರೀ ಬೆರಗು.

ರೀ — ಎಂದೆ. ಅವರು ನನ್ನ ಕಡೆ ನೋಡಿದರು. ಕಣ್ಣು ಹಳದಿಯಾಗಿದ್ದವು. ಏನು ಎಂಬಂತೆ ಹುಬ್ಬು ಏರಿಸಿದರು. ನಾನು ಹೊದಿಕೆ ಸರಿಮಾಡಿದೆ.

ವರ್ಷ ಕಳೆಯಿತು. ಮದುವೆ ಕಾಲದ ಮುಂದೆ ಬ್ಯಾಂಡಿನವರ ವಾದ್ಯ ರಿಪೇರಿ ಮಾಡುವ ಒಬ್ಬ ಗಜೇಂದ್ರಗಡಕ್ಕೆ ಬಂದು ಇಮಾಮಸಾಬರ ಮನೆಯಲ್ಲಿ ಎರಡು ದಿನ ಇರುತ್ತಾನೆ. "ವೈನಿ, ಬಸಣ್ಣನ ಬಾಜಾ ತೊಗೊಂಡ ಬರ್ರಿ, ಕೆಟ್ಟ ಹೋಗಬಾರದು" ಎಂದು ಅವರು ಹೇಳಿ ಕಳಿಸಿದರು. ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನಗೆ ಒಂದು ಆಸೆ ಇತ್ತು. ಎಂಥ ಆಸೆ ನೋಡಿ: ವಾದ್ಯ ಸರಿಯಾಗಿದೆ ಎಂದು ಅವನು ಹೇಳಲಿ, ನನ್ನ ಗಂಡನಿಗೆ ಖರೇನೇ ದಮ್ಮು ತೀರಿತ್ತು ಎಂದಾಗಲಿ!

ಮಟಮಟ ಮಧ್ಯಾಹ್ನ. ರಿಪೇರಿಯವನು ಒಂದು ಕೋಣೆಯ ಬಾಗಿಲು ಕಿಟಕಿ ಮುಚ್ಚಿದ. ವೈರಿಗೆ ಕಟ್ಟಿದ, ಉರಿಯುವ ಸಣ್ಣ ಬಲ್ಬನ್ನು ಸ್ಯಾಕ್ಸೊಫೋನಿನ ಹೊಟ್ಟೆಯೊಳಗೆ ಇಳಿಬಿಟ್ಟು, ಎಲ್ಲ ಮುಚ್ಚಳಗಳನ್ನೂ ಬೆರಳಿನಿಂದ ಒತ್ತಿ ಹಿಡಿದ. ಮುಚ್ಚಿದ ತೂತುಗಳಿಂದ ಬೆಳಕು ಹೊರಗೆ ಬರಬಾರದು. ಬಂತು. ಒಂದೆರಡು ಕಡೆ ಅಲ್ಲ. ಪ್ರತಿ ಮುಚ್ಚಳದ ಅಂಚಿನಲ್ಲೂ ಬೆಳಕಿನ ಒಂದೊಂದು ಗೆರೆ. ಆ ಕತ್ತಲ ಕೋಣೆಯ ಗೋಡೆಯ ಮೇಲೆಲ್ಲ ಗೆರೆಗಳು.

"ಚಾಚಾ, ಇದನ್ನ ಯಾರೋ ಭಾಂಡಿ ತಿಕ್ಕಿದಂಗ ತಿಕ್ಕ್ಯಾರ" ಎಂದ. "ತೊಗಲ ನೀರ ಕುಡದ ಉಬ್ಬೇತಿ, ಆಮ್ಯಾಲೆ ಬಿಸಲಿಗೆ ಸೆಟದೈತಿ. ಇದರಾಗ ಆನಿ ತಂದ ಊದಿಸಿದ್ರೂ ಕೆಳಗಿನ ಸ್ವರಾ ಹೊಂಡೂದಿಲ್ಲ."

ಇಮಾಮಸಾಬರು ಬಾಗಿಲು ತೆರೆದರು. ಬೆಳಕಿನಲ್ಲಿ ನನ್ನ ಮುಖ ನೋಡಿದರು. ಒಣಾ ಅರಿವಿ — ಅದು ಅವರಿಗೂ ನೆನಪಿತ್ತು. ಆಮೇಲೆ ಮೆಲ್ಲಗೆ, "ಆ ನರಗುಂದದ ಮದವೀ ದಿನಾ ಬಸಣ್ಣ ನನ್ನ ಮುಂದ ಅತ್ತಿದ್ದ, ವೈನಿ. ನಿಮಗ ಹೇಳಬ್ಯಾಡ ಅಂದಿದ್ದ" ಎಂದರು.

ಅಷ್ಟೇ ಅಂದರು. ಹೊಸ ತೊಗಲು ಹಾಕಿಸಿ, ಊದಿಸಿ ನೋಡಿ, ಪೆಟ್ಟಿಗೆಯನ್ನು ತಾವೇ ಬಸ್ಸಿನವರೆಗೆ ತಂದು ಕೊಟ್ಟರು. ನನ್ನ ಕಡೆ ಮತ್ತೆ ನೋಡಲಿಲ್ಲ. ಅವರು ಯಾರಿಗೂ ಹೇಳಿಲ್ಲ. ಹೇಳಬೇಕಾದವಳು ನಾನು ಎಂದು ಬಿಟ್ಟಿದ್ದಾರೆ.

ಪೆಟ್ಟಿಗೆ ಈಗ ನನ್ನ ಮಂಚದ ಕೆಳಗಿದೆ. ಬರುವ ಆದಿತ್ಯವಾರ ನಿಮ್ಮ ಅವ್ವ ನಿಮ್ಮನ್ನು ಕರೆದುಕೊಂಡು ಬರುತ್ತಾಳೆ. ಈ ಕಾಗದವನ್ನು ಮೊದಲು ಅವಳ ಎದುರಿಗೇ ಓದುತ್ತೇನೆ — ಧ್ವನಿ ಹೊರಟರೆ. ಹೊರಡದಿದ್ದರೆ ಕೈಗೆ ಕೊಡುತ್ತೇನೆ, ಆದರೆ ಎದ್ದು ಒಳಗೆ ಹೋಗುವುದಿಲ್ಲ. ಅವಳು ಓದಿ ಮುಗಿಸುವವರೆಗೆ ಕೂತಿರುತ್ತೇನೆ. ಅವಳ ಅಪ್ಪ ಅವರು. ಅವಳು ಏನಂದರೂ ಅದು ನನಗೆ ಸಲ್ಲಬೇಕಾದದ್ದು.

ಮಂಜು, ನಿನ್ನ ಎದೆಯಲ್ಲಿ ಏನೂ ದೋಷವಿಲ್ಲ. ಓಡು.

ಗೌರಿ, ನೀನು ಕೇಳಿದ್ದಕ್ಕೆ ಉತ್ತರ: ಸ್ಯಾಕ್ಸೊಫೋನು. ಅದರಲ್ಲಿ ಉಸಿರು ಕೇಳಿಸುತ್ತದೆ. ಇರುವುದನ್ನು ಇದ್ದ ಹಾಗೆ ಹೇಳುವ ವಾದ್ಯ ಅದು ಎಂದು ನಿಮ್ಮ ಅಜ್ಜ ನಂಬಿದ್ದರು. ನಾನು ಅದನ್ನೂ ಸುಳ್ಳು ಹೇಳುವ ಹಾಗೆ ಮಾಡಿದೆ. ಪೆಟ್ಟಿಗೆ ತೆಗೆದುಕೋ. ಮೊದಲು ಎಲ್ಲಕ್ಕಿಂತ ಕೆಳಗಿನ ಸ್ವರ ಊದು, ಉಸಿರು ಇರುವವರೆಗೆ ಹಿಡಿ. ನಾನು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಹ್ಯಾಂಗ ಬಂತು ಆಯಿ ಎಂದು ಮಾತ್ರ ನನ್ನನ್ನು ಕೇಳಬೇಡ, ಅದನ್ನು ವಾದ್ಯವೇ ಹೇಳಲಿ.